ಅತ್ತೆಗೆ ನೊರೆಯ ಹಾರೈಕೆ

ನಮ್ಮ ಟಿಬಿಲಿಸಿ ನಗರದ ಜನಕ್ಕೆ ಊಟ ಮಾಡುವುದನ್ನು ಕಲಿಸಿಯೇ ತೀರುತ್ತೇನೆ ಎಂದು ಪಣ ತೊಟ್ಟೆ! ನಮ್ಮ ಮನೆಯಲ್ಲೇ, ಅತಿಥಿಗಳನ್ನು ಕರೆದು ಬಡಿಸುವ ತಿಂಗಳಿಗೊಂದು ಸಪ್ಪರ್ ಕ್ಲಬ್. ಸೀಮೆಗೊಂದು ಅಡುಗೆ, ಅಡುಗೆಗೊಂದು ವೈನ್, ಲೋಟಕ್ಕೆ ಎರಡೇ ಬೆರಳಷ್ಟು. ಅತಿಥಿಗಳು ಮೂಸಬೇಕು, ಕಣ್ಣು ಮುಚ್ಚಬೇಕು, "ಆಹಾ, ಈ ಬದ್ರಿ ಎಂಥ ರಸಿಕ!" ಎನ್ನಬೇಕು.

ಸೊಪ್ಪು ಹೆಚ್ಚುತ್ತಿದ್ದ ನನ್ನ ಹೆಂಡತಿ ಮಾಕ್ವಲಾ ತಲೆಯನ್ನೂ ಎತ್ತಲಿಲ್ಲ.

"ನಮ್ಮಲ್ಲಿ ವೈನ್ ಹೊಂದಿಸೋದು ಊಟಕ್ಕಲ್ಲ ಕಣ್ರೀ, ಹಾರೈಕೆಗೆ. ಯಾರಾದ್ರೂ ಎದ್ದು ನಾಲ್ಕು ಒಳ್ಳೆ ಮಾತಾಡದೆ ಯಾರ ಗಂಟಲಲ್ಲೂ ಇಳಿಯಲ್ಲ. ಮೂಸಿ ಅಂದ್ರೆ ಮೂಸ್ತಾರಾ?"

"ಹಾರೈಕೆ ನಡೆಸೋ ತಮಾದಾ ನಾನೇ ತಾನೇ? ನಾನು ಹೇಳ್ದಂಗೆ ಕೇಳ್ತಾರೆ."

"ಅಮ್ಮನೂ ಬರ್ತಾಳೆ. ನೆನಪಿರ್ಲಿ."

ನೆನಪಿಲ್ಲದೆ ಏನು! ಅತ್ತೆ ಝುಝುನಾ ದ್ರಾಕ್ಷಿತೋಟಗಳ ಸೀಮೆ ಕಾಖೇತಿಯವರು. ಹಿತ್ತಲಲ್ಲಿ ಹೂತಿಟ್ಟ ಮಣ್ಣಿನ ಗುಡಾಣದಲ್ಲಿ ಅವರು ಮಾಡುವ ವೈನ್ ಸಿಕ್ಕರೆ ನನ್ನ ಕ್ಲಬ್ಬಿಗೆ ವರ್ಷವಿಡೀ ಚಿಂತೆಯಿಲ್ಲ. ಈ ಸಲದ ಗುಡಾಣ ಯಾವ ಅಳಿಯನಿಗೆ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಹಿರಿಯಳಿಯ ಓತಿಯಾ ಬಂದು ದ್ರಾಕ್ಷಿ ತುಳಿದುಕೊಟ್ಟಿದ್ದ. ನಾನು ಅವನು ತುಳಿಯುವ ಫೋಟೋ ತೆಗೆದಿದ್ದೆ. ಹಾಗಾಗಿ ಅತ್ತೆ ಕರಗುವಂಥ ಒಂದು ಹಾರೈಕೆಯನ್ನು ವಾರವಿಡೀ ಬಾಯಿಪಾಠ ಮಾಡಿದೆ.

ತೊಡಕಿದ್ದದ್ದು ಒಂದೇ. ಬೆಟ್ಟದ ಸೀಮೆಗೆಂದು ಆರಿಸಿದ್ದು ಖಿಂಕಾಲಿ, ಒಳಗೆ ಬಿಸಿ ಸಾರು ತುಂಬಿದ ಮಾಂಸದ ಕಡುಬು. ಅದಕ್ಕೆ ಬಿಯರೇ ಆಗಬೇಕು. ಆದರೆ ಬಿಯರ್ ಹಿಡಿದು ನಮ್ಮಲ್ಲಿ ಯಾರಿಗೂ ಒಳ್ಳೆಯದು ಹಾರೈಸುವಂತಿಲ್ಲ. ಅದು ಆಗದವರಿಗೆ ಮೀಸಲು. ಕೈಯಲ್ಲಿ ನೊರೆ ಇದ್ದಾಗ "ನೂರು ವರ್ಷ ಬಾಳಲಿ" ಎಂದರೆ "ಬೇಗ ತೊಲಗಲಿ" ಎಂದೇ ಲೆಕ್ಕ. ಆದ್ದರಿಂದ ಖಿಂಕಾಲಿಯನ್ನು ಸಕಲರೂ ಮೌನವಾಗಿ ತಿನ್ನತಕ್ಕದ್ದು ಎಂದು ರಾಜಾಜ್ಞೆ ಹೊರಡಿಸಲು ನಿರ್ಧರಿಸಿದ್ದೆ.

ಅತಿಥಿಗಳು ಬಂದರು. ಎರಡು ಬೆರಳಿನ ವೈನ್ ಕಂಡು ಅತ್ತೆಯ ಮುಖ ಸಣ್ಣದಾಯಿತು.

"ಏನ್ ಅಳಿಯಂದ್ರೇ, ಲೋಟ ತೊಳೆದ ನೀರು ಚೆಲ್ಲೋದು ಮರೆತ್ರಾ?"

ಹೂಜಿ ಎತ್ತಿದವರೇ ಎಲ್ಲರ ಲೋಟವನ್ನೂ ಕಂಠಮಟ್ಟ ತುಂಬಿಸಿದರು. ತುಂಬಿದ ಲೋಟಕ್ಕೆ ತಕ್ಕಷ್ಟು ಉದ್ದದ ಮಾತೂ ಬೇಕಲ್ಲ! ಪಕ್ಕದ ಮನೆಯ ಹಲ್ಲಿನ ಡಾಕ್ಟರ್ ವಾಝಾ ತೀರಿಹೋದ ಹಿರಿಯರನ್ನು ನೆನೆಯಲು ಎದ್ದವರು ಮುತ್ತಜ್ಜನ ಕುದುರೆಯನ್ನೂ ಬಿಡಲಿಲ್ಲ. ಯಾರೂ ಮೂಸಲಿಲ್ಲ. ತಾಯಂದಿರಿಗೆಂದು ನಾನು ಬಾಯಿಪಾಠ ಮಾಡಿದ್ದ ಹಾರೈಕೆ ಹಿಂದೆ ಹಿಂದೆ ಸರಿಯಿತು. ಅಷ್ಟರಲ್ಲಿ ಮಾಕ್ವಲಾ ಹಬೆಯಾಡುವ ಖಿಂಕಾಲಿ ತಂದಳು.

"ಆರಿದ್ರೆ ಚೆನ್ನಾಗಿರಲ್ಲ, ತಿನ್ನಿ ತಿನ್ನಿ!"

ಬಿಯರೂ ಸುರಿದಾಯಿತು. ನನ್ನ ಹೊಟ್ಟೆಯಲ್ಲಿ ಐದು ಲೋಟ ವೈನ್, ತಲೆಯಲ್ಲಿ ಗುಡಾಣ. ರಾಜಾಜ್ಞೆ ಮರೆತೇ ಹೋಗಿತ್ತು. ಕೈಗೆ ಸಿಕ್ಕ ಲೋಟ ಹಿಡಿದು ಎದ್ದೆ, ಕಣ್ಣು ಮುಚ್ಚಿದೆ.

"ಹೆತ್ತ ತಾಯಂದಿರಿಗೆ! ಎಲ್ಲಕ್ಕಿಂತ ಮಿಗಿಲಾಗಿ, ಅತ್ತೆಯಾಗಿ ಬಂದ ನನ್ನ ತಾಯಿ ಝುಝುನಾ ಅವರಿಗೆ! ಅವರು ನೂರು ವರ್ಷ ಬಾಳ್ಲಿ!"

ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿರಬೇಕು ಎಂದುಕೊಂಡು ಕಣ್ಣು ತೆರೆದೆ. ಒಬ್ಬರೂ ಲೋಟ ಎತ್ತಿರಲಿಲ್ಲ. ಕಡುಬು ಕಚ್ಚಿದ್ದ ವಾಝಾ ಹಾಗೇ ಕಲ್ಲಾಗಿದ್ದರು, ಸಾರು ಮೊಣಕೈತನಕ ಇಳಿಯುತ್ತಿತ್ತು.

"ರೀ," ಮಾಕ್ವಲಾ ಪಿಸುಗುಟ್ಟಿದಳು, "ಕೈ ನೋಡ್ಕೊಳ್ಳಿ."

ನೋಡಿಕೊಂಡೆ. ನೊರೆ ಬೆರಳ ಮೇಲೆ ಹರಿಯುತ್ತಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅತ್ತೆ ನಿಧಾನವಾಗಿ ಎದ್ದರು.

"ಮಗಳೇ, ನಂಗೂ ಒಂದು ಬಿಯರ್ ಹಾಕು."

ಹುಟ್ಟಿದಾರಭ್ಯ ಬಿಯರ್ ಮುಟ್ಟದ ಹೆಂಗಸು! ಲೋಟ ಎತ್ತಿ, ನನ್ನನ್ನೇ ನೋಡುತ್ತಾ, ಅತಿ ಪ್ರೀತಿಯಿಂದ ಹೇಳಿದರು:

"ನಮ್ಮ ಅಳಿಯಂದಿರೂ ನೂರು ವರ್ಷ ಬಾಳ್ಲಿ!"

ಮನೆಯೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಸದ್ಯ, ಮನಸ್ಸಿಗೆ ಹಚ್ಚಿಕೊಂಡಿಲ್ಲ! ನನಗೆ ಧೈರ್ಯ ಬಂತು.

"ಅತ್ತೆ, ಹಂಗಾದ್ರೆ... ಗುಡಾಣ ನಮ್ಮ ಕ್ಲಬ್ಬಿಗೇ ಅಲ್ವಾ?"

ಅತ್ತೆ ತುಟಿಯ ನೊರೆ ಒರೆಸಿಕೊಂಡು ಖಾಲಿ ಲೋಟವನ್ನು ಮಗಳತ್ತ ಚಾಚಿದರು.

"ಇನ್ನೊಂಚೂರು ಬಿಯರ್ ಹಾಕಮ್ಮ. ಅಳಿಯಂದಿರ ಕ್ಲಬ್ಬಿಗೂ ಒಂದು ಹಾರೈಕೆ ಹೇಳ್ಬಿಡ್ತೀನಿ."