ಚಂದ್ರಿಯ ಮುಖಬೆಲೆ

ನಮ್ಮ ಮನೆಯವರ ಅಂಗಿಯ ಜೇಬಿನಲ್ಲಿ ಸದಾ ಬೆಚ್ಚಗೆ ವಾಸವಾಗಿರುವ ಶೇರುಪೇಟೆ ಆ್ಯಪ್ ಅವರ ಸನ್ನಿಧಾನಕ್ಕೆ, ಚಿಂಚೋಳಿ ತಾಲೂಕು ಐನಾಪುರದಿಂದ ಭುವನೇಶ್ವರಿ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ತಮ್ಮ ಚಾರ್ಜು ನೂರಕ್ಕೆ ನೂರು ಇದೆ ಎಂದು ನಂಬಿದ್ದೇನೆ. ಇಲ್ಲದೆ ಏನು, ಅಡುಗೆಮನೆಯ ಒಂದೇ ಪ್ಲಗ್ಗಿಗೆ ತಾವೇ ಜೋತುಬಿದ್ದಿದ್ದೀರಿ, ನನ್ನ ಮಿಕ್ಸರ್ ಮೂಲೆ ಸೇರಿದೆ. ತಾವು ದಯಮಾಡಿಸುವ ಮೊದಲು ನಮ್ಮ ಯಜಮಾನರಾದ ಬೀರಲಿಂಗ ಅವರು ಚಿಂಚೋಳಿಗೆ ಟಂಟಂ ಆಟೋ ಓಡಿಸಿ ಮನೆ ನಡೆಸುತ್ತಿದ್ದರು. ಈಗ ಟಂಟಂ ಬೇವಿನ ಗಿಡದ ನೆರಳಿಗೆ ನಿಂತಿದೆ, ಅದರೊಳಗೆ ಕುಂತು ಅವರು ತಮ್ಮಿಂದ ಶೇರಿಗೆ ಮೌಲ್ಯ ಕಟ್ಟುವ ವಿದ್ಯೆ ಕಲಿಯಾಕತ್ತಾರೆ. ಭಾಳ ಸಂತೋಷ.

ಬೆಲೆ ಬೇರೆ, ಮೌಲ್ಯ ಬೇರೆ ಎಂದು ತಾವು ಮೊದಲ ಪಾಠದಲ್ಲೇ ಬೋಧಿಸಿದಿರಿ. ಅಂದಿನಿಂದ ಯಜಮಾನರು ನನ್ನ ಬದನೆಕಾಯಿ ಪಲ್ಯಕ್ಕೂ ಮೌಲ್ಯ ಕಟ್ಟಿದರು, ಕಡಿಮೆಯೇ ಕಟ್ಟಿದರು. ಮುಖಬೆಲೆಯ ಪಾಠ ಬಂದ ದಿನವಂತೂ ನಮ್ಮ ಎಮ್ಮೆ ಚಂದ್ರಿಯ ಎದುರು ಕುಕ್ಕರಗಾಲಲ್ಲಿ ಕುಂತು ಅವಳ ಮುಖವನ್ನೇ ನೋಡಿದರು. ಚಂದ್ರಿ ನಾಚಿ ಅವರ ಟವೆಲ್ಲು ತಿಂದಳು. ಶೇರು ಎಂದರೆ ಹಾಲು ಅಳೆಯುವ ಶೇರು ಎಂದೇ ತಿಳಿದ ನಮ್ಮ ಅತ್ತೆ ಪೀರಮ್ಮನವರು, ಒಂದು ಶೇರಿಗೆ ಸಾವಿರಗಟ್ಟಲೆ ರೂಪಾಯಿ ಕೊಡಲು ಅದು ಯಾವ ಎಮ್ಮೆಯ ಹಾಲು ಎಂದು ಇನ್ನೂ ವಿಚಾರಿಸುತ್ತಿದ್ದಾರೆ.

ಇಷ್ಟಕ್ಕೇ ಮುಗಿದಿದ್ದರೆ ತಮಗೆ ಈ ತೊಂದರೆ ಕೊಡುತ್ತಿರಲಿಲ್ಲ. ಚಂದ್ರಿಯನ್ನು ಮಾರಿ ಯಾವುದೋ ಸಿಮೆಂಟ್ ಕಂಪನಿಯ ಶೇರು ಕೊಳ್ಳುವುದೆಂದು ನಿಶ್ಚಯವಾಯಿತು. ತಾವು ಕಲಿಸಿದಂತೆಯೇ ನಾನೂ ಬೆಲೆಯನ್ನು ವರ್ಷದ ಗಳಿಕೆಯಿಂದ ಭಾಗಿಸಿದೆ. ಹಿಂಡಿ, ಮೇವು ಕಳೆದು ಚಂದ್ರಿ ನಾಲ್ಕೇ ವರ್ಷಕ್ಕೆ ತನ್ನ ಬೆಲೆ ಗಳಿಸುತ್ತಾಳೆ, ಕಂಪನಿಗೆ ನಲವತ್ತು ವರ್ಷ ಬೇಕು. ಸೋವಿಯದನ್ನು ಮಾರಿ ತುಟ್ಟಿಯದನ್ನು ಕೊಳ್ಳುವುದು ಯಾವ ಶಾಣ್ಯಾತನವೆಂದು ಕೇಳಿದರೆ, ಕಂಪನಿ ಮುಂದೆ ಬೆಳೆಯುತ್ತದಂತೆ. ಅಯ್ಯ ನನ್ನಪ್ಪ, ಚಂದ್ರಿಯೂ ಬೆಳೆಯಾಕತ್ತಾಳೆ, ಗಬ್ಬ ಇದ್ದಾಳೆ. ತಮ್ಮ ಭಾಷೆಯಲ್ಲಿ ಅದು ಬೋನಸ್ ಶೇರು. ಕರುವಿದ್ದಾಗಿನಿಂದ ನನ್ನ ಕೈಯಿಂದಲೇ ತಿಂದವಳು. ಕೊಳ್ಳುವವರು ಬರುತ್ತಾರೆ ಎಂದು ಕೇಳಿ ನನ್ನ ಪಾಲಿನ ರೊಟ್ಟಿಯನ್ನೂ ಅವಳಿಗೇ ತಿನ್ನಿಸಿದೆ, ಆ ಸಂಕಟ ತುಂಬಲು ತಮ್ಮಲ್ಲಿ ಯಾವ ಖಾನೆಯಿದೆಯೋ ನಾನರಿಯೆ.

ಆದರೂ ತಮ್ಮ ಉಪಕಾರ ಮರೆಯಲಾರೆ. ಎಲ್ಲವನ್ನೂ ಶೇರಿಗೆ ಹಾಕಬೇಡಿ, ಸ್ವಲ್ಪ ಬಾಂಡಿನಲ್ಲಿಡಿ, ಪೇಟೆ ಏರಲಿ ಇಳಿಯಲಿ ಬಡ್ಡಿಯ ಕಂತು ನಿಶ್ಚಿತ, ಅವಧಿ ಮುಗಿಯುವವರೆಗೆ ಇಟ್ಟುಕೊಂಡವರಿಗೆ ಅಸಲು ವಾಪಸ್ಸು ಎಂದು ತಾವು ಒಂದು ದಿನ ದೊಡ್ಡ ದನಿಯಲ್ಲಿ ಸಾರಿದಿರಿ. ಅತ್ತೆಯವರು ಕೇಳಿಸಿಕೊಂಡರು. ನಮ್ಮ ಕಡೆ ಬಾಂಡ್ ಎಂದರೆ ತಹಶೀಲ್ ಕಚೇರಿಯ ಎದುರು ಕರಾರು ಬರೆಸುವ ಬಾಂಡ್ ಪೇಪರ್. ಬಸ್ಸು ಹತ್ತಿ ಹೋಗಿ ಬರೆಸಿಕೊಂಡೇ ಬಂದರು: ಚಂದ್ರಿಯನ್ನು ಅವಳ ಆಯುಷ್ಯ ತೀರುವವರೆಗೆ ಮಾರತಕ್ಕದ್ದಲ್ಲ, ದಿನಾ ಬೆಳಗ್ಗೆ ಸೆಗಣಿ ಬಾಚುವ ಕಂತನ್ನು ಬೀರಲಿಂಗನೇ ಸಲ್ಲಿಸತಕ್ಕದ್ದು. ಅವ್ವ ಬಾಂಡ್ ತಂದಿದ್ದಾಳೆಂದು ಯಜಮಾನರು ಉಬ್ಬಿಹೋಗಿ, ಓದದೆ ಸಹಿ ಹಾಕಿದರು. ಮರುದಿನ ಬಂದ ವ್ಯಾಪಾರಿ ಅದನ್ನು ಓದಿ, ಚಹಾ ಕುಡಿದು ವಾಪಸ್ಸು ಹೋದ. ದಾಖಲೆಗಳನ್ನೆಲ್ಲ ಎಚ್ಚರಿಕೆಯಿಂದ ಓದಿಕೊಳ್ಳಿ ಎಂದು ತಾವು ಪ್ರತಿ ಪಾಠದ ಕೊನೆಗೆ ಹೇಳುತ್ತೀರಿ, ಖರೇ. ಯಾರಿಗೂ ತಿಳಿಯದಷ್ಟು ಗಡಿಬಿಡಿಯಲ್ಲಿ ಹೇಳುವುದಕ್ಕೆ ತಮಗೆ ನನ್ನ ಕೋಟಿ ನಮಸ್ಕಾರಗಳು.

ಕೊನೆಯದಾಗಿ ಒಂದು ಬಿನ್ನಹ. ಚಂದ್ರಿ ಈದ ದಿನ ತಾವು ಖುದ್ದಾಗಿ ಬಂದು, ಗಿಣ್ಣ ತಿಂದು, ಕರುವಿನ ಮುಂದಿನ ಹತ್ತು ವರ್ಷದ ಹಾಲಿಗೆ ಇಂದಿನ ಮೌಲ್ಯ ಎಷ್ಟೆಂದು ಅದರ ಕಿವಿಯಲ್ಲಿ ಹೇಳಬೇಕು. ಪೇಟೆ ಬಿದ್ದಾಗ ತೋರಿಸುವ ತಮ್ಮ ಕೆಂಪು ಗೆರೆಗಳನ್ನು ಊರ ಅಗಸಿ ಬಾಗಿಲಲ್ಲೇ ಬಿಟ್ಟು ಬರ್ರಿ.

ಪೇಟೆ ಏರಿದರೂ ಬಿದ್ದರೂ ತಮ್ಮ ವಿಶ್ವಾಸಿ,
ಭುವನೇಶ್ವರಿ

ತಾ.ಕ.: ಯಜಮಾನರ ಲೆಕ್ಕವನ್ನೂ ತಮ್ಮಲ್ಲಿ ಹಾಕಿ ನೋಡಿದೆ. ಟಂಟಂ ನಿಂತಾಗಿನಿಂದ ಗಳಿಕೆ ಸೊನ್ನೆ. ಸೊನ್ನೆಯಿಂದ ಭಾಗಿಸಲು ಬಾರದೆಂದು ತಾವು ಎರರ್ ತೋರಿಸಿದಿರಿ. ಇರಲಿ ಬಿಡ್ರಿ. ಬೆಳಗ್ಗೆ ಅವರು ಸೆಗಣಿ ಬುಟ್ಟಿ ಹೊತ್ತು ನಿಂತಾಗ ನೋಡಿದೆ, ಅವರ ಮುಖಬೆಲೆ ಇನ್ನೂ ಹಾಗೇ ಇದೆ. ಮಾರುವುದಿಲ್ಲ, ಇಟ್ಟುಕೊಳ್ಳುತ್ತೇನೆ.