ವಿಟ್ಬಿ ಸಾಹೇಬರಿಗೊಂದು ಬಿಲಿಯರ್ಡ್ಸ್ ಮೇಜು

ರಣರಂಗದಲ್ಲಿ ಬೆನ್ನು ತೋರಿಸದ ವೀರರು ಇತಿಹಾಸದಲ್ಲಿ ಹಲವರಿದ್ದಾರೆ. ಆದರೆ ತಾನಿರುವ ಬಡಾವಣೆಯ ಬಗ್ಗೆ ‘ಇಲ್ಲಿ ಅದು ಸಿಗೋದಿಲ್ಲ’ ಎಂದು ಒಮ್ಮೆಯೂ ಬಾಯಿಬಿಡದ ವೀರ ಒಬ್ಬನೇ: ಜಯನಗರ ಮೂರನೇ ಬ್ಲಾಕಿನ ಸೇತುರಾಮ! ಲಾಲ್‌ಬಾಗಿನಿಂದ ದಕ್ಷಿಣಕ್ಕೆ ಸಿಗದ ವಸ್ತು ಭೂಮಂಡಲದಲ್ಲೇ ಇಲ್ಲ ಎಂಬುದು ಅವನ ಸಿದ್ಧಾಂತ. ಪಿಟೀಲಿನ ತಂತಿ, ಪಾರಿವಾಳದ ಗೂಡು, ಹಳೇ ಮೋಟಾರಿನ ಚಕ್ರ, ಯಾರು ಏನೇ ಕೇಳಲಿ, “ಅದಕ್ಯಾಕೆ ಪೇಟೆಗೆ ಹೋಗ್ತೀರಿ? ನಮ್ಮ ಕಡೆನೇ ಇದೆ!” ಎನ್ನುತ್ತಿದ್ದ. ಆಗಿನ್ನೂ ಅರ್ಧ ಬಡಾವಣೆ ರಾಗಿ ಹೊಲ. ಸಂಜೆಯಾದರೆ ನರಿ ಊಳಿಡುತ್ತಿತ್ತು. ಆ ನರಿಯ ಕಂಠವೂ ಮಲ್ಲೇಶ್ವರದ ನರಿಗಳಿಗಿಂತ ಉತ್ತಮ ಎಂದು ವಾದಿಸಿದವನು ಅವನು.

ಅರವತ್ತೊಂದನೇ ಇಸವಿಯ ಸಂಕ್ರಾಂತಿ ಹತ್ತಿರ ಬಂದಿತ್ತು. ಸೇತುರಾಮ ಇಂಜಿನಿಯರಾಗಿದ್ದ ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಇಂಗ್ಲೆಂಡಿನಿಂದ ವಿಟ್ಬಿ ಸಾಹೇಬರು ಬಂದಿದ್ದರು. ಒಂದು ವರ್ಷ ಇಲ್ಲೇ ಬಿಡಾರ. ಇಲ್ಲಿಂದ ಒಬ್ಬನನ್ನು ಆರಿಸಿ ತರಬೇತಿಗೆ ಇಂಗ್ಲೆಂಡಿಗೆ ಕಳಿಸುವ ಅಧಿಕಾರವೂ ಅವರದೇ. ಕಣದಲ್ಲಿದ್ದವರು ಇಬ್ಬರು, ಸೇತುರಾಮ ಮತ್ತು ಅವನ ಪಕ್ಕದ ಕುರ್ಚಿಯ ಶಾಂತವೀರಪ್ಪ. ಸೋಮವಾರ ಹೆಸರು ಹೊರಬೀಳಲಿತ್ತು.

ಅದಕ್ಕೆ ಮೊದಲಿನ ಶನಿವಾರ ಸಾಹೇಬರು ಉದ್ದನೆಯ ಚರ್ಮದ ಪೆಟ್ಟಿಗೆಯೊಂದನ್ನು ತೆರೆದು, ಒಳಗಿದ್ದ ನುಣುಪಾದ ಕೋಲನ್ನು ಸವರಿ ನಿಟ್ಟುಸಿರಿಟ್ಟರು. “ಯಾವ ದೇಶಕ್ಕೆ ಹೋದರೂ ನಾನು ಮೊದಲು ಹುಡುಕುವುದು ಒಳ್ಳೆಯ ಬಿಲಿಯರ್ಡ್ಸ್ ಮೇಜು. ರಂಗೂನಿನಲ್ಲಿ ಸಿಕ್ಕಿತು. ಕೊಲಂಬೊದಲ್ಲಿ ಸಿಕ್ಕಿತು. ನಿಮ್ಮೂರಿನಲ್ಲಿ ಎಲ್ಲಿದೆ?”

“ದಂಡು ಪ್ರದೇಶದ ಕ್ಲಬ್ಬಿನಲ್ಲಿ ನನಗೊಬ್ಬರು ಮೆಂಬರು ಗೊತ್ತು ಸಾರ್, ನಾಳೆ ನಾನೇ ಕರ್ಕೊಂಡು ಹೋಗ್ತೀನಿ,” ಎಂದ ಶಾಂತವೀರಪ್ಪ.

ಸೇತುರಾಮನ ಕಣ್ಣ ಮುಂದೆ ಹಡಗೊಂದು ಶಾಂತವೀರಪ್ಪನನ್ನು ಹತ್ತಿಸಿಕೊಂಡು ಕೂಗು ಹಾಕಿತು. “ದಂಡಿಗ್ಯಾಕೆ ಸಾರ್ ಅಷ್ಟು ದೂರ? ನಮ್ಮ ಕಡೆನೇ ಇದೆ! ಅಪ್ಪಟ ಇಂಗ್ಲಿಷ್ ಮೇಜು! ನಮ್ಮವರದ್ದೇ ಮನೆ!”

“ಹಾಗಾದರೆ ನಾಳೆ ಮಧ್ಯಾಹ್ನ ಅಲ್ಲಿಗೇ ಬರುತ್ತೇನೆ,” ಎಂದು ಸಾಹೇಬರು ದಾರಿ ಕೇಳಿಕೊಂಡು ಪೆಟ್ಟಿಗೆ ಮುಚ್ಚಿದರು.

ಮನೆಯಲ್ಲಿ ಸೀತಾಲಕ್ಷ್ಮಿ ಕೇಳಿದಳು, “ಅಲ್ಲಾ ರೀ, ಆ ಮೇಜು ಹೇಗಿರುತ್ತೆ ಅಂತನಾದ್ರೂ ಕಂಡಿದ್ದೀರಾ?”

“ಕಂಡಿಲ್ಲ. ಕೇಳಿದ್ದೀನಿ.”

“ಯಾರ ಬಾಯಲ್ಲಿ?”

“ಬೈರಣ್ಣನ ಬಾಯಲ್ಲಿ. ಯಾವನೋ ದೊರೆ ಊರಿಗೆ ವಾಪಸ್ ಹೋಗೋವಾಗ ಅವರಪ್ಪ ಹರಾಜಲ್ಲಿ ಹಿಡಿದಿದ್ದಂತೆ.”

“ಅವರೆಕಾಯಿ ಬೈರಣ್ಣನಾ? ಆ ಕೋಣನಕುಂಟೆ ಹಳ್ಳೀಲಿ ಬಿಲಿಯರ್ಡ್ಸಾ? ದೇವರೇ! ನಾನು ಪಕ್ಕದ ಮನೆ ಚೂಡಾಮಣಿಗೆ ನೀವು ಲಂಡನ್‌ಗೆ ಹೋಗೋದು ಗ್ಯಾರಂಟಿ ಅಂತ ಹೇಳಾಗಿದೆ. ನಾಳೆ ನಾನೂ ಬರ್ತೀನಿ. ನಿಮ್ಮೊಬ್ಬರನ್ನೇ ನಂಬೋ ಹಾಗಿಲ್ಲ.”

ಭಾನುವಾರ ಬೆಳಗಿನ ಬಸ್ಸಿನಲ್ಲಿ ದಂಪತಿಗಳು ಕೋಣನಕುಂಟೆಯಲ್ಲಿಳಿದರು. ಬೈರಣ್ಣ ಹೊಲದ ಯಜಮಾನ. ಕಾಲಕ್ಕೆ ತಕ್ಕ ಕಾಯಿಪಲ್ಯವನ್ನು ಗಾಡಿಯಲ್ಲಿ ಜಯನಗರದ ಮನೆಬಾಗಿಲಿಗೇ ತರುವವನು. “ಮೇಜು ಐತಲ್ಲ ಸ್ವಾಮಿ, ಗಟ್ಟಿಮುಟ್ಟಾಗೈತೆ!” ಎಂದು ಹೆಮ್ಮೆಯಿಂದ ಒಳಗೆ ಕರೆದೊಯ್ದ.

ಮೇಜು ಇತ್ತು. ನಡುಮನೆಯ ತುಂಬ ಇತ್ತು. ಆನೆಯ ಕಾಲಿನಂಥ ಕಾಲುಗಳು! ಅದರ ಮೇಲೆ ಇನ್ನೊಂದು ನಂದಿಬೆಟ್ಟದಂತೆ ಅವರೆಕಾಯಿ ರಾಶಿ ಬಿದ್ದಿತ್ತು. ರಾಶಿಯ ಆಚೆ ಕೂತು ಬೈರಣ್ಣನ ತಾಯಿ ಮಂಗಮ್ಮ ಕಾಯಿ ಬಿಡಿಸುತ್ತಿದ್ದಳು.

“ಇಂಥ ಮೇಜು ಬ್ಯಾರೆ ಯಾರ ಮನೇಲೂ ಇಲ್ಲ ಅಯ್ನೋರೆ,” ಎಂದಳು ಆಕೆ. “ಸುತ್ತ ದಿಂಡು ಐತೆ, ಒಂದು ಕಾಳೂ ಕೆಳಕ್ಕೆ ಉರುಳಾಕಿಲ್ಲ. ಮೂಲೆ ಮೂಲೆಗೂ ಬಲೆ ಬ್ಯಾರೆ! ಎಳೇದು ಈ ಬಲೇಗೆ, ಬಲ್ತಿದ್ದು ಆ ಬಲೇಗೆ, ಹುಳ ಬಿದ್ದಿದ್ದು ಅಗೋ ಆ ಮೂಲೇದಕ್ಕೆ. ಆ ದೊರೆ ಭಾರಿ ಬುದ್ಧಿವಂತ ಇದ್ದಿರಬೇಕು.”

“ಮಂಗಮ್ಮನವರೇ, ಇದನ್ನೆಲ್ಲ ಸ್ವಲ್ಪ ಹೊತ್ತು ಕೆಳಗೆ ಸುರಿದರೆ...”

“ಕೆಳಕ್ಕಾ? ಈಗಿನ್ನೂ ಸಗಣಿ ಸಾರಿಸೀವ್ನಿ! ಸಂಜೀಕೆ ನೆಂಟ್ರು ಬತ್ತಾರೆ, ಇದುಕಿದ್ ಬೇಳೆ ಸಾರಾಗಬೇಕು. ಬಿಡಿಸಿಕೊಡಿ, ಆಮ್ಯಾಕೆ ಮೇಜು ನಿಮ್ದೇ.”

ಹೀಗೆ ಇಂಗ್ಲೆಂಡಿಗೆ ಹೊರಡಬೇಕಾದ ಇಂಜಿನಿಯರು ಪಂಚೆ ಎತ್ತಿಕಟ್ಟಿ ಅವರೆಕಾಯಿ ಬಿಡಿಸಲು ಕೂತ. ಹೊತ್ತು ಏರುತ್ತಿತ್ತು, ರಾಶಿ ಮಾತ್ರ ಇಳಿಯುವ ಲಕ್ಷಣ ತೋರಲಿಲ್ಲ. ರಸ್ತೆಯಲ್ಲಿ ಯಾವ ಗಾಡಿ ಸದ್ದಾದರೂ ಅವನು ಎದ್ದು ಬಾಗಿಲಿಗೆ ಓಡುತ್ತಿದ್ದ.

“ರೀ, ಹುಳ ಇರೋದನ್ನ ಎಳೇ ಕಾಳಿನ ಬಲೆಗೆ ಹಾಕ್ತಿದ್ದೀರಿ!”

“ಲಂಡನ್‌ಗೆ ಹೋಗೋನು ಹುಳ ಹುಡುಕ್ತಾ ಕೂತಿರಲಾ?”

“ಲಂಡನ್‌ಗೆ ಈಗ ಹುಳದ ಮೂಲಕವೇ ದಾರಿ. ಕಣ್ಣು ಬಿಟ್ಟು ನೋಡಿ!”

ಕೊನೆಯ ಕಾಯಿ ಸಿಪ್ಪೆ ಕಳಚಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ಸೇತುರಾಮ ಜಯಘೋಷ ಮಾಡಲು ಬಾಯಿ ತೆರೆದವನು ತೆರೆದೇ ನಿಂತ. ಮೇಜಿನ ಮೇಲೆ ಇದ್ದದ್ದು ಬರೀ ಕಪ್ಪು ಕಲ್ಲು!

“ಬೈರಣ್ಣ! ಇದರ ಮೇಲೆ ಹಸಿರು ಬಟ್ಟೆ ಇರಬೇಕಲ್ಲಯ್ಯ?”

“ಇತ್ತು ಸ್ವಾಮಿ, ಎಲ್ಲೂ ಹೋಗಿಲ್ಲ. ಬನ್ನಿ ಹಿತ್ಲಿಗೆ.”

ಹಿತ್ತಲಿನಲ್ಲಿ ಬೈರಣ್ಣನ ಜೋಡೆತ್ತುಗಳು ಕೊಂಬಿಗೆ ಬಣ್ಣ ಬಳಿಸಿಕೊಂಡು ನಿಂತಿದ್ದವು. ಎರಡರ ಬೆನ್ನ ಮೇಲೂ ಹಸಿರು ಜೂಲು, ಅಂಚಿಗೆ ಕೆಂಪು ಕುಚ್ಚು! “ಸಂಕ್ರಾಂತಿಗೆ ಕಿಚ್ಚು ಹಾಯಿಸ್ತೀವಲ್ಲ, ಅದಕ್ಕೆ ಹೊಲಿಸೀನಿ. ಹೊದಿಸಿ ನೋಡ್ತಿದ್ದೆ. ಹೆಂಗೈತೆ?”

“ಎರಡು ತುಂಡು ಮಾಡಿಬಿಟ್ಟಿದ್ದೀಯಲ್ಲಯ್ಯ!”

“ಎತ್ತು ಎರಡು ಅಲ್ವಾ ಸ್ವಾಮಿ?”

ಈ ಲೆಕ್ಕಕ್ಕೆ ಎದುರು ಹೇಳುವ ವಿದ್ಯೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸಿರಲಿಲ್ಲ. ಬೈರಣ್ಣ ಒಂದು ಎತ್ತಿನ ಜೂಲು ಬಿಚ್ಚಿದ. ಇನ್ನೊಂದಕ್ಕೆ ಸೇತುರಾಮ ಕೈ ಹಾಕಿದ. ಹಬ್ಬದ ಹೊಸ ಬಟ್ಟೆ ಬಿಟ್ಟುಕೊಡಲು ಎತ್ತಿಗೆ ಮನಸ್ಸಿರಲಿಲ್ಲ. ಅದು ಹಿತ್ತಲು ಸುತ್ತಿತು. ಜೂಲಿನ ಅಂಚು ಹಿಡಿದಿದ್ದ ಸೇತುರಾಮನೂ ಸುತ್ತಿದ. ತಿಪ್ಪೆಯ ಬಳಿ ಇಬ್ಬರೂ ಬೇರೆಯಾದಾಗ ಜೂಲು ಅವನ ಕೈಯಲ್ಲಿತ್ತು, ಅವನು ತಿಪ್ಪೆಯಲ್ಲಿದ್ದ.

“ಮೊದಲು ಕೈಕಾಲು ತೊಳ್ಕೊಳ್ಳಿ,” ಎನ್ನುತ್ತಾ ಸೀತಾಲಕ್ಷ್ಮಿ ಮಂಗಮ್ಮನಿಂದ ಗೋಣಿಚೀಲ ಹೊಲಿಯುವ ದಬ್ಬಳ, ಹುರಿ ಇಸಿದುಕೊಂಡಳು. ಕುಚ್ಚು ಕತ್ತರಿಸಿ, ಎರಡು ತುಂಡು ಸೇರಿಸಿ, ಉಸಿರು ಬಿಗಿಹಿಡಿದು ಹೊಲಿದಳು. ಬೈರಣ್ಣ ಬಟ್ಟೆ ಎಳೆದೆಳೆದು ಮೇಜಿನ ಅಡಿಗೆ ಮೊಳೆ ಹೊಡೆದ. ಕೊನೆಯ ಮೊಳೆಗೂ ಜೀಪಿನ ಹಾರನ್ನಿಗೂ ಒಟ್ಟಿಗೇ ಸದ್ದಾಯಿತು.

ವಿಟ್ಬಿ ಸಾಹೇಬರು ಬಾಗಿ ಒಳಬಂದರು. ಬಟ್ಟೆಯ ಮೇಲೆ ಕೈಯಾಡಿಸಿದರು, ಬೆರಳು ಮೂಸಿದರು. ಅದರಲ್ಲಿ ಅವರೆಯ ಸೊಗಡೂ ಇತ್ತು, ಎತ್ತಿನ ಪರಿಮಳವೂ ಇತ್ತು. ಪೆಟ್ಟಿಗೆಯಿಂದ ಚೆಂಡು ತೆಗೆದಿಟ್ಟು, ಕೋಲು ಗುರಿ ಹಿಡಿದು ಹೊಡೆದರು.

ಚೆಂಡು ಗೆರೆ ಎಳೆದಂತೆ ಸಾಗಿತು. ಮೇಜಿನ ನಟ್ಟನಡುವೆ ಸೀತಾಲಕ್ಷ್ಮಿಯ ಹೊಲಿಗೆ ಸಿಕ್ಕಿತು. ಚೆಂಡು ಮೇಲೆ ಹಾರಿತು, ಪಕ್ಕಕ್ಕೆ ಹೊರಳಿತು, ಮಂಗಮ್ಮನ ಹುಳದ ಬಲೆಗೆ ಬಿತ್ತು.

ಸಾಹೇಬರು ಮತ್ತೆ ಹೊಡೆದರು. ಮತ್ತೆ ಹಾರಿತು. ಅವರ ಕಿವಿ ಕೆಂಪಾಯಿತು. ಸೇತುರಾಮ ಗೋಡೆಗೆ ಆನಿಕೊಂಡ. ಸೀತಾಲಕ್ಷ್ಮಿ ಆಂಜನೇಯನಿಗೆ ಹರಕೆ ಹೊತ್ತಳು. ಸಾಹೇಬರು ಕೋಟು ಬಿಚ್ಚಿ ಎಸೆದರು. ಮತ್ತೆ ಹೊಡೆದರು. ಈ ಸಲ ಚೆಂಡು ಹೊಲಿಗೆ ಹಾರಿ ನೆಟ್ಟಗೆ ಹೋಗಿ ಇನ್ನೊಂದು ಚೆಂಡಿಗೆ ತಗುಲಿ ‘ಟಕ್’ ಎಂದಿತು.

“ಇಂಥ ಮೇಜು ನಾನು ಯಾವ ದೇಶದಲ್ಲೂ ಕಂಡಿಲ್ಲ!” ಎಂದು ಸಾಹೇಬರು ಕುಣಿದರು.

ದೀಪ ಹಚ್ಚುವವರೆಗೂ ಆಡಿದರು. ಮಂಗಮ್ಮ ಬಡಿಸಿದ ಬೇಳೆ ಸಾರು, ಮುದ್ದೆ ಎರಡು ಸಲ ಹಾಕಿಸಿಕೊಂಡು ಉಂಡರು. ಹೊರಡುವಾಗ ಸೇತುರಾಮನ ಕೈ ಹಿಡಿದು ಕುಲುಕಿ, “ನಿನ್ನ ವಿಷಯ ತೀರ್ಮಾನವಾಯಿತು. ನಾಳೆ ನನ್ನನ್ನು ಕಾಣು,” ಎಂದರು.

ಸೋಮವಾರ ಸೀತಾಲಕ್ಷ್ಮಿ ಚೂಡಾಮಣಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಆರತಿ ತಟ್ಟೆ ಹಿಡಿದು ಗೇಟಿನ ಬಳಿ ಕಾದಳು.

ಅತ್ತ ಸಾಹೇಬರು ಸೇತುರಾಮನ ಬೆನ್ನು ತಟ್ಟಿ ಹೀಗೆಂದಿದ್ದರು: “ಶಾಂತವೀರಪ್ಪ ಇಂಗ್ಲೆಂಡಿಗೆ ಹೋಗಲಿ. ಅವನು ಹೋದರೆ ನನಗೇನೂ ನಷ್ಟವಿಲ್ಲ. ನೀನು ಹೋದರೆ ಆ ಅಜ್ಜಿಯ ಜೊತೆ ಮಾತಾಡಿ ಮೇಜು ಖಾಲಿ ಮಾಡಿಸುವವರು ಯಾರು? ನಾನಿರುವಷ್ಟು ದಿನ ನಿನ್ನನ್ನು ಎಲ್ಲಿಗೂ ಬಿಡೋದಿಲ್ಲ!”

ಸೇತುರಾಮ ಸೈಕಲ್ಲು ತಳ್ಳಿಕೊಂಡು ಬರುವುದು ಕಂಡದ್ದೇ ಸೀತಾಲಕ್ಷ್ಮಿ ಕೂಗಿದಳು, “ರೀ, ಚೂಡಾಮಣಿಗೂ ಕೇಳಿಸೋ ಹಾಗೆ ಹೇಳಿ! ಯಾವತ್ತು ಹೊರಡೋದು?”

“ಭಾನುವಾರ, ಕಣೇ. ಅವರೆಕಾಯಿ ಬಿಡಿಸೋಕೆ.”