ಸ್ಕಾಟ್ಲೆಂಡಿನ ಬೋಣಿ

ಗಂಡಸು ಸಂಬಳ ಕಡಿಮೆ ಅನ್ನಿಸಿಕೊಂಡರೂ ಹೇಗೋ ಸಹಿಸಿಕೊಳ್ಳುತ್ತಾನೆ. ತಲೆಯಲ್ಲಿ ಕೂದಲಿಲ್ಲದಿದ್ದರೆ ಟೋಪಿ ಹಾಕಿಕೊಂಡು ಓಡಾಡುತ್ತಾನೆ. ಆದರೆ ಕಟ್ಟಿಕೊಂಡ ಹೆಂಡತಿಯೇ ‘ನಿಮ್ಮ ಕೈಗುಣ ಸರಿಯಿಲ್ಲ’ ಅಂದುಬಿಟ್ಟರೆ ಆ ಕೈಯನ್ನು ಎಲ್ಲಿ ಬಚ್ಚಿಡುವುದು? ಊಟಕ್ಕೆ ಕೂತರೆ ಅದೇ ಕೈ ಎದುರಿಗೆ ಬರುತ್ತದೆ. ಕೋವಿಡ್ ಕಾಲದಲ್ಲಿ, ಮಲೇಷ್ಯಾದ ಸುಬಾಂಗ್ ಜಯಾದಲ್ಲಿ, ಕಾಂಡೋ ಅನ್ನುವ ಅಪಾರ್ಟ್‌ಮೆಂಟೊಂದರ ಒಂಬತ್ತನೇ ಮಹಡಿಯಲ್ಲಿ, ಇಂಥದೊಂದು ಕೈಯನ್ನಿಟ್ಟುಕೊಂಡು ನಾನು ಸಂಸಾರ ಮಾಡಿದೆ.

ನಾನು ಇಲ್ಲಿನ ಖಾಸಗಿ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಲಾಕ್‌ಡೌನ್ ಆದ ಮೇಲೆ ಪಾಠವೆಲ್ಲ ಲ್ಯಾಪ್‌ಟಾಪಿಗೆ ಬಂತು. ವಿದ್ಯಾರ್ಥಿಗಳು ಕ್ಯಾಮೆರಾ ಆರಿಸಿಕೊಂಡು ನಿದ್ದೆ ಮಾಡುತ್ತಿದ್ದರು, ನಾನು ಕ್ಯಾಮೆರಾ ಹಾಕಿಕೊಂಡೇ ಆಕಳಿಸುತ್ತಿದ್ದೆ. ನನ್ನಾಕೆ ಸುಮಾ ಹಾಗೆಲ್ಲ ಸುಮ್ಮನೆ ಕೂರುವವಳಲ್ಲ. ಮೈಸೂರಿನಲ್ಲಿ ಅವಳಪ್ಪನದು ಬಳೆ ಅಂಗಡಿ. ವ್ಯಾಪಾರ ರಕ್ತದಲ್ಲೇ ಬಂದದ್ದು. ಕೋಡುಬಳೆ ಕರಿದು, ಪೊಟ್ಟಣ ಕಟ್ಟಿ, ಕಾಂಡೋದ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿಬಿಟ್ಟಳು. ಪಕ್ಕದ ಮನೆಯ ತಮಿಳರ ಲೆಚ್ಚುಮಿ ಅಕ್ಕ ಅದಕ್ಕೆ ‘ರಿಂಗ್ ಮುರುಕ್ಕು’ ಅಂತ ನಾಮಕರಣ ಮಾಡಿ, ಕೇಳಿದವರಿಗೂ ಕೇಳದವರಿಗೂ ಪ್ರಚಾರ ಮಾಡಿದರು. ನಮ್ಮ ಬಾಗಿಲಾಚೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಪೊಟ್ಟಣಗಳು, ಪಕ್ಕದಲ್ಲಿ ದುಡ್ಡು ಹಾಕಲು ಒಂದು ಡಬ್ಬಿ. ಯಾರೂ ಯಾರನ್ನೂ ಮುಟ್ಟುವ ಪ್ರಮೇಯವಿಲ್ಲ.

ಮೊದಲ ದಿನದ ಬೋಣಿ ನಾನೇ ಮಾಡಿದೆ. ಹೆಂಡತಿಯ ಉದ್ಯಮಕ್ಕೆ ಪ್ರೋತ್ಸಾಹವಿರಲಿ ಅಂತ ಐದು ರಿಂಗಿಟ್ ನೋಟು ಹಾಕಿ, ಒಂದು ಪೊಟ್ಟಣ ಎತ್ತಿಕೊಂಡು ಒಳಗೆ ಬಂದೆ. ಅಷ್ಟೇ. ಅವತ್ತಿಡೀ ದಿನ ಒಂದು ನರಪಿಳ್ಳೆಯೂ ಬರಲಿಲ್ಲ. ಲಿಫ್ಟ್ ಕೆಟ್ಟಿತ್ತು, ಕೋಡುಬಳೆಗಾಗಿ ಒಂಬತ್ತು ಮಹಡಿ ಯಾರು ಹತ್ತುತ್ತಾರೆ ಅಂತ ನಾನು ವಾದಿಸಿದೆ.

“ಅದನ್ನೇ ನಾನು ಹೇಳ್ತಿರೋದು ರೀ,” ಅಂದಳು ಸುಮಾ. “ಇಷ್ಟು ದಿನ ಇಲ್ಲದ್ದು, ಲಿಫ್ಟ್ ಇವತ್ತೇ ಯಾಕೆ ಕೆಡಬೇಕು?”

ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದ ನಾನು ಕೋಡುಬಳೆ ಕಡಿಯುತ್ತ ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂತೆ.

ಮಾರನೇ ಬೆಳಿಗ್ಗೆ ಲಿಫ್ಟ್ ರಿಪೇರಿಯಾಯಿತು, ಎದುರು ಬ್ಲಾಕಿನ ಡಂಕನ್ ಬಂದರು. ಸ್ಕಾಟ್ಲೆಂಡಿನವರು, ನಿವೃತ್ತ ಎಂಜಿನಿಯರ್, ಒಂಟಿ ಜೀವ. ಅವರು ನೋಟು ಹಾಕಿ ಪೊಟ್ಟಣ ಎತ್ತಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಸ್ಟೂಲು ಖಾಲಿ. ಅಲ್ಲಿಗೆ ತೀರ್ಪು ಹೊರಬಿತ್ತು. ಅಂದಿನಿಂದ ಬೋಣಿ ಡಂಕನ್ನರದೇ. ಅವರು ಬರುವ ಮುಂಚೆ ಲೆಚ್ಚುಮಿ ಅಕ್ಕ ದುಡ್ಡು ಹಿಡಿದು ನಿಂತರೂ ‘ಸ್ವಲ್ಪ ಇರಿ ಅಕ್ಕಾ’ ಅನ್ನುವುದೇ ಸುಮಾಳ ಉತ್ತರ. ಇಲ್ಲಿನ ಸ್ಕೂಲಿನಲ್ಲಿ ಓದುವ ನಮ್ಮ ಮಗಳಿಗೆ ಇದೆಲ್ಲ ನಾಚಿಕೆ.

ಇದೇನು ಪದ್ಧತಿ ಅಂತ ಡಂಕನ್ ಒಂದು ದಿನ ಕೇಳಿದರು. ನಾನು ಸಂಕೋಚದಿಂದಲೇ ಬೋಣಿಯ ಪುರಾಣ ಬಿಚ್ಚಿದೆ. ನಗುತ್ತಾರೆ ಅಂದುಕೊಂಡಿದ್ದೆ; ಮನುಷ್ಯ ಕುಣಿಯುವುದೊಂದು ಬಾಕಿ. ಇದು ತಮ್ಮೂರಿನ ‘ಹ್ಯಾನ್ಸೆಲ್’ ಅಂದರು. ಹಳೆಯ ಸ್ಕಾಟ್ಸ್ ಮಾತಿನಲ್ಲಿ ಅದೃಷ್ಟಕ್ಕೆ, ಶುಭಕ್ಕೆ ಆ ಪದವಂತೆ. ಸಂತೆಯವಳಿಗೆ ಬೆಳಿಗ್ಗೆ ಸಿಗುವ ಮೊದಲ ಕಾಸು ಹ್ಯಾನ್ಸೆಲ್. ಹೊಸ ಕೋಟಿನ ಜೇಬಿಗೆ ಹಾಕುವ ಕಾಸು, ಹುಟ್ಟಿದ ಕೂಸಿನ ಮುಷ್ಟಿಗೆ ಇಡುವ ಬೆಳ್ಳಿ, ಹೊಸ ವರ್ಷದ ಮೊದಲ ಸೋಮವಾರ ಯಜಮಾನರು ಆಳುಕಾಳುಗಳಿಗೆ ಕೊಡುತ್ತಿದ್ದ ಭಕ್ಷೀಸು, ಎಲ್ಲವೂ ಹ್ಯಾನ್ಸೆಲ್ಲೇ. ಇನ್ನೂ ಹಿಂದಕ್ಕೆ ಹೋದರೆ, ವ್ಯಾಪಾರ ಕುದುರಿದಾಗ ಕೈಗೆ ಕೈ ಹೊಡೆದು ಒಪ್ಪಿಕೊಳ್ಳುವುದಕ್ಕೂ ಅದೇ ಮಾತಂತೆ. ಆ ಮೊದಲ ಕಾಸಿನ ಮೇಲೆ ವ್ಯಾಪಾರಿಗಳು ಥೂ ಅಂತ ಉಗುಳಿ ಜೇಬಿಗಿಳಿಸುತ್ತಿದ್ದರು ಅಂತಲೂ ಹೇಳಿ, ಮಾಸ್ಕಿನೊಳಗೇ ಒಮ್ಮೆ ಮಾಡಿ ತೋರಿಸಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ನಾವು ಉಗುಳುವವರಲ್ಲ, ಕಣ್ಣಿಗೊತ್ತಿಕೊಳ್ಳುವವರು. ಆದರೆ ಆ ಕಾಲದಲ್ಲಿ ಯಾರೋ ಮುಟ್ಟಿದ ನೋಟನ್ನು ಕಣ್ಣಿಗೊತ್ತಿಕೊಳ್ಳುವುದುಂಟೇ? ಇಲ್ಲಿನ ಐದು ರಿಂಗಿಟ್ ನೋಟು ಪ್ಲಾಸ್ಟಿಕ್ಕಿನದು, ತೊಳೆದರೂ ಹಾಳಾಗದು. ಸುಮಾ ಅದನ್ನು ಸ್ಯಾನಿಟೈಸರಿನಲ್ಲಿ ಅದ್ದಿ, ಒರೆಸಿ, ಆಮೇಲೆ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ವೈರಸ್ಸಿನ ಜೊತೆ ಅದೃಷ್ಟವೂ ತೊಳೆದುಹೋಗುವುದಿಲ್ಲವೇ ಅಂತ ಕೇಳಿ ಬೈಸಿಕೊಂಡೆ. ಹ್ಯಾನ್ಸೆಲ್ಲಿನ ಚರಿತ್ರೆಯನ್ನೂ ಅವಳಿಗೆ ವಿಸ್ತಾರವಾಗಿ ಬೋಧಿಸಿದೆ. ನನ್ನ ಪಾಠವನ್ನು ಅವಳೊಬ್ಬಳು ಪೂರ್ತಿ ಕೇಳಿ, ಸ್ಕಾಟ್ಲೆಂಡಿನವರೂ ಕೈಗುಣ ನೋಡುತ್ತಾರೆ ಅಂದಮೇಲೆ ನಿಮ್ಮ ವಿಷಯದಲ್ಲಿ ನಾನು ಹೇಳಿದ್ದು ಸರಿಯೇ ಅಂತ ಎದ್ದು ಹೋದಳು. ನನ್ನ ಸಂಶೋಧನೆ ನನ್ನ ಮೇಲೇ ಸಾಕ್ಷಿ ಹೇಳಿತು.

ದೀಪಾವಳಿ ಹತ್ತಿರ ಬಂತು. ಸುಮಾ ಮನೆಯಲ್ಲಿದ್ದ ಅಕ್ಕಿಹಿಟ್ಟನ್ನೆಲ್ಲ ಕೋಡುಬಳೆ ಮಾಡಿ, ಕೂರಲು ಜಾಗವಿಲ್ಲದಂತೆ ಸೋಫಾದ ಮೇಲೆ ಪೊಟ್ಟಣ ಪೇರಿಸಿದ್ದಳು. ಮಾರಬೇಕಾದ ದಿನ ಬೆಳಿಗ್ಗೆಯೇ ಡಂಕನ್ನರ ಬ್ಲಾಕಿನಲ್ಲಿ ಕೋವಿಡ್ ಸಿಕ್ಕಿ, ಬ್ಲಾಕಿಗೆ ಬ್ಲಾಕೇ ಸೀಲ್ ಆಯಿತು. ಅವರು ಪಾಪ ಫೋನ್ ಮಾಡಿ, ದುಡ್ಡನ್ನು ಮೊಬೈಲಿನಲ್ಲೇ ಕಳಿಸುತ್ತೇನೆ ಅಂದರು. ಅದರಲ್ಲಿ ಬೆರಳು ಮಾತ್ರ ಇರುತ್ತದೆ, ಕೈ ಎಲ್ಲಿದೆ ಅಂತ ಸುಮಾ ಒಪ್ಪಲಿಲ್ಲ. ಲೆಚ್ಚುಮಿ ಅಕ್ಕನನ್ನು ಕರೆದರೆ, ಹೆದರಿದ ಅವರು ಬಾಗಿಲನ್ನೇ ತೆಗೆಯಲಿಲ್ಲ. ಉಳಿದವನು ನಾನೊಬ್ಬ. ಸುಮಾ ಪೊಟ್ಟಣಗಳ ರಾಶಿ ನೋಡಿದಳು, ನನ್ನ ಕೈ ನೋಡಿದಳು. ಅವಳ ಕಣ್ಣಲ್ಲಿ ನೀರಾಡಿದ್ದು ಕಂಡು ನನಗೂ ನಿಜಕ್ಕೂ ಸಂಕಟವಾಯಿತು. ಕೊನೆಗೆ ನೋಟಿನ ಜೊತೆ ನನ್ನ ಕೈಯನ್ನೂ ಮೊಣಕೈವರೆಗೆ ಸ್ಯಾನಿಟೈಸರಿನಲ್ಲಿ ತೊಳೆಸಿ, ಬಾಗಿಲಾಚೆ ನಿಲ್ಲಿಸಿ ಬೋಣಿ ಮಾಡಿಸಿದಳು.

ಮಧ್ಯಾಹ್ನದೊಳಗೆ ಸೋಫಾ ಕಾಣಿಸಿತು. ಒಂದು ಪೊಟ್ಟಣವೂ ಉಳಿಯಲಿಲ್ಲ. ನಾಳೆ ನಮ್ಮ ಬ್ಲಾಕೂ ಸೀಲ್ ಆಗಬಹುದು ಅಂತ ಹೆದರಿದ ಜನ ತಿನ್ನುವಂಥದ್ದು ಏನು ಸಿಕ್ಕರೂ ಬಾಚಿಕೊಳ್ಳುತ್ತಿದ್ದರು ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಮಗಳಂತೂ “ಅಪ್ಪಾ, ಇಟ್ಸ್ ಜಸ್ಟ್ ಪ್ಯಾನಿಕ್ ಬೈಯಿಂಗ್ ಲಾ” ಅಂತ ಇಲ್ಲಿನವರ ಹಾಗೇ ಕೊನೆಗೊಂದು ‘ಲಾ’ ಹಚ್ಚಿ ಅಂದೇಬಿಟ್ಟಳು. ದೊಡ್ಡವರ ವಿಷಯದಲ್ಲಿ ಬಾಯಿ ಹಾಕಬೇಡ ಅಂತ ಅವಳನ್ನು ಆನ್‌ಲೈನ್ ಕ್ಲಾಸಿಗೆ ಅಟ್ಟಿದೆ.

“ರೀ, ನಿಮ್ಮ ಕೈಯೂ ಪರವಾಗಿಲ್ಲ ಕಣ್ರೀ,” ಅಂದಳು ಸುಮಾ.

ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಇಷ್ಟು ದೊಡ್ಡ ಬಿರುದು ನಾನು ಕೇಳಿರಲಿಲ್ಲ. ಎದೆಯುಬ್ಬಿ ಡಂಕನ್ನರಿಗೆ ಫೋನ್ ಮಾಡಿ ಜಂಬ ಕೊಚ್ಚಿದೆ. ಅವರು ಅಭಿನಂದಿಸಿ, ಆಮೇಲೆ ನಿಧಾನವಾಗಿ, ಹ್ಯಾನ್ಸೆಲ್ಲಿನ ಅದೃಷ್ಟವೆಲ್ಲ ತೆಗೆದುಕೊಂಡವರಿಗೆ ಸೇರಿದ್ದು, ಕೊಟ್ಟವನಿಗೆ ಜೇಬು ಹಗುರವಾಗುವುದಷ್ಟೇ ಲಾಭ ಅಂದರು. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾರೆ ಅಂದುಕೊಂಡೆ.

ಹೊಸ ಅಕ್ಕಿಹಿಟ್ಟು ಬಂದ ಬೆಳಿಗ್ಗೆ, ವಾಡಿಕೆಯಂತೆ ಬಾಣಲೆಯ ಪಕ್ಕದ ತಟ್ಟೆಗೆ ಕೈ ಹಾಕಿದೆ. ಸುಮಾ ಜಾಲರಿ ಸೌಟಿನಿಂದ ತಡೆದಳು. ಇನ್ನು ಮೇಲೆ ಬೋಣಿ ನನ್ನದೇ ಅಂತೆ; ಬೋಣಿ ಮಾಡುವವರು ಪುಕ್ಕಟೆ ತಿಂದರೆ ಕೈಗುಣ ಹೋಗಿಬಿಡುತ್ತದಂತೆ. ನತದೃಷ್ಟನಾಗಿದ್ದಷ್ಟು ಕಾಲ ನಾನು ಒಲೆಯ ಪಕ್ಕ ನಿಂತು ಬಿಸಿಬಿಸಿ ಕೋಡುಬಳೆ ಬೇಕಾದಷ್ಟು ತಿನ್ನುತ್ತಿದ್ದೆ. ಅದೃಷ್ಟವಂತನಾದ ಮೇಲೆ, ನನ್ನದೇ ಮನೆಯ ಬಾಗಿಲಾಚೆ ಮಾಸ್ಕ್ ಹಾಕಿಕೊಂಡು ನಿಂತು, ದುಡ್ಡು ಕೊಟ್ಟು, ಆರಿದ್ದನ್ನು ಕೊಂಡು ತಿನ್ನುತ್ತಿದ್ದೇನೆ.